ನೆಟೆ ಕಾಣುವ ಮೊದಲೇ ಟೊಮ್ಯಾಟೊ ಗಿಡದ ಕಾವಲು ಎಬ್ಬಿಸುವುದು

(ಗಂಗಾವತಿಯಲ್ಲಿ ತರಕಾರಿ ಬೆಳೆಗಾರರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

“ಗಿಡ ನಿಂತ ನಿಂತಲ್ಲೇ ಬಾಡಾಕ ಹತ್ಯಾವ, ಏನರ ಹೊಡಿಯಾಕ ಕೊಡ್ರಿ” ಎಂದು ನೀವು ಔಷಧಿ ಅಂಗಡಿಗೆ ಹೋಗುವ ಹೊತ್ತಿಗೆ, ಆ ಗಿಡದ ಮಟ್ಟಿಗೆ ಮಾಡುವುದೇನೂ ಉಳಿದಿರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇವತ್ತಿನ ಮಾತು ರೋಗ ಬಂದ ಮೇಲೆ ಹೊಡೆಯುವ ಔಷಧದ್ದಲ್ಲ. ಗಿಡಕ್ಕೆ ತನ್ನದೇ ಆದ ಪ್ರತಿರೋಧ ಶಕ್ತಿ ಇದೆ. ಅದನ್ನು ರೋಗಾಣು ಬರುವ ಮೊದಲೇ ಎಬ್ಬಿಸಿ ಇಡಬಹುದು. ಆದರೆ ಅದಕ್ಕೆ ಸಿಗುವ ಸಮಯ ಬಹಳ ಕಡಿಮೆ: ಅಗಿ, ಅಂದರೆ ಸಸಿ, ನರ್ಸರಿಯಲ್ಲಿರುವ 25 ದಿನ, ಹೊಲಕ್ಕೆ ಹಚ್ಚಿದ ಮೇಲೆ ಮೊದಲ ಒಂದು ತಿಂಗಳು. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಈ ಎರಡು ತಿಂಗಳೊಳಗಿನ ಕೆಲಸವೇ.

ದುಂಡಾಣು (ಬ್ಯಾಕ್ಟೀರಿಯಾ) ರೋಗ ನಮ್ಮ ಭಾಗಕ್ಕೆ ಹೊಸದಲ್ಲ. ಕಾಲುವೆ ಕೆಳಗಿನ ಭತ್ತದಲ್ಲಿ ಎಲೆಯ ಅಂಚು ಒಣಗುತ್ತ ಬರುವುದನ್ನು ನೋಡಿದ್ದೀರಿ. ಕುಷ್ಟಗಿ ಕಡೆ ದಾಳಿಂಬೆ ತೋಟಗಳನ್ನು ಕಿತ್ತು ಹಾಕಿಸಿದ ಅಂಗಮಾರಿಯೂ ಇದೇ ಕುಲದ್ದು. ಟೊಮ್ಯಾಟೊಗೆ ಬರುವ ದುಂಡಾಣು ರೋಗಗಳಲ್ಲಿ ಮೂರನ್ನು ಇಲ್ಲಿ ತೆಗೆದುಕೊಳ್ಳುತ್ತೇನೆ. ಎಲೆ, ಕಾಯಿ ಮೇಲೆ ಕಪ್ಪು ಜಿಡ್ಡುಚುಕ್ಕೆ ಮಾಡುವ ಕ್ಸಾಂಥೊಮೊನಾಸ್ ಬೆಚ್ಚಗಿನ ತೇವದ ದಿನಗಳದ್ದು, ಮಳೆಗಾಲದಲ್ಲಿ ಹೆಚ್ಚು. ಹಳದಿ ಬಳೆಯ ನಡುವೆ ಸಣ್ಣ ಕರಿ ಚುಕ್ಕೆ ಮಾಡುವ ಸ್ಯೂಡೊಮೊನಾಸ್ ಸಿರಿಂಜೆ ಚಳಿ ಮತ್ತು ಇಬ್ಬನಿಯದ್ದು, ಡಿಸೆಂಬರ್–ಜನವರಿಯಲ್ಲಿ ಕಾಣುತ್ತದೆ. ಮೂರನೆಯದು ಮಣ್ಣಿನಿಂದ ಬರುವ ರಾಲ್ಸ್ಟೋನಿಯಾ, ನೀವು ನೆಟೆ ಅನ್ನುವ ಸೊರಗು ರೋಗ. ಮೊದಲೆರಡು ಇಳುವರಿ ತಿನ್ನುತ್ತವೆ, ಮೂರನೆಯದು ಗಿಡವನ್ನೇ ತಿನ್ನುತ್ತದೆ.

ಬಾಡಿದ್ದೆಲ್ಲ ದುಂಡಾಣು ಸೊರಗಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಎರೆ ಹೊಲದಲ್ಲಿ ನೀರು ನಿಂತರೂ ಗಿಡ ಬಾಡುತ್ತದೆ, ಫ್ಯುಸೇರಿಯಂ ಶಿಲೀಂಧ್ರಕ್ಕೂ ಬಾಡುತ್ತದೆ. ಫ್ಯುಸೇರಿಯಂ ಆದರೆ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ, ಎಷ್ಟೋ ಸಲ ಒಂದೇ ಮಗ್ಗುಲಿನಲ್ಲಿ. ದುಂಡಾಣು ಆದರೆ ಎಲೆ ಹಸಿರಿರುವಾಗಲೇ ಜೋತು ಬೀಳುತ್ತದೆ. ಮೊದಲ ಒಂದೆರಡು ದಿನ ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ, ಆಮೇಲೆ ಏಳುವುದಿಲ್ಲ. ಅನುಮಾನವಿದ್ದರೆ ಬುಡದ ಹತ್ತಿರದಿಂದ ಎರಡು ಮೂರು ಅಂಗುಲ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಕತ್ತರಿಸಿದ ತುದಿ ತಾಗುವಂತೆ ಅಲುಗಾಡಿಸದೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿಯತೊಡಗಿದರೆ ರಾಲ್ಸ್ಟೋನಿಯಾ. ಎಳೆ ಇಳಿಯದಿದ್ದರೆ ಈ ರೋಗವೆಂದು ಹಣ ಸುರಿಯಬೇಡಿ. ಬೇರು ಕಿತ್ತು ನೋಡಿ, ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಅದರದ್ದು ಬೇರೆ ಕಥೆ, ಆದರೆ ಅದು ಬೇರಿಗೆ ಮಾಡುವ ಗಾಯವೇ ರಾಲ್ಸ್ಟೋನಿಯಾಕ್ಕೆ ಬಾಗಿಲಾಗುತ್ತದೆ.

ಈಗ ಗಿಡದ ಒಳಗೆ ಬರೋಣ. ನಮಗಿರುವಂತೆ ಗಿಡಕ್ಕೆ ರಕ್ತವಿಲ್ಲ, ಬಿಳಿ ರಕ್ತಕಣವಿಲ್ಲ. ಅದರ ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ದುಂಡಾಣು ಈಜಲು ಬಳಸುವ ಬಾಲವಿದೆಯಲ್ಲ, ಅದು ಫ್ಲಾಜೆಲಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ 22 ಅಮೈನೊ ಆಮ್ಲಗಳಷ್ಟು ಚಿಕ್ಕ ತುಣುಕೊಂದು ಸಿಕ್ಕರೂ ಸಾಕು, ಟೊಮ್ಯಾಟೊ ಜೀವಕೋಶದ ಹೊರಗೋಡೆಯ ಬಳಿಯ ಗ್ರಾಹಕ (ಗುರುತು ಹಿಡಿಯುವ ಪ್ರೋಟೀನು, ರಿಸೆಪ್ಟರ್) ಅದನ್ನು ಗುರುತಿಸುತ್ತದೆ. ಕೂಡಲೇ ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಜೀವಕೋಶದ ಗೋಡೆ ದಪ್ಪವಾಗುತ್ತದೆ. ಆದರೆ ರೋಗಾಣುವೂ ಸುಮ್ಮನಿಲ್ಲ. ಚಳಿಗಾಲದ ಚುಕ್ಕೆ ತರುವ ಆ ಸ್ಯೂಡೊಮೊನಾಸ್ ಕೊರೊನಾಟಿನ್ ಎಂಬ ವಿಷ ತಯಾರಿಸುತ್ತದೆ. ಅದು ಗಿಡದ ಸ್ವಂತ ಜಾಸ್ಮೊನಿಕ್ ಹಾರ್ಮೋನಿನಂತೆಯೇ ನಟಿಸಿ, ಮುಚ್ಚಿದ ರಂಧ್ರಗಳನ್ನು ಮತ್ತೆ ತೆರೆಸುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲು ಹೊಲದಲ್ಲಿ ಓಡಾಡಬೇಡಿ, ಗಿಡಕ್ಕೆ ಆಸರೆಯ ಕಟ್ಟು ಕಟ್ಟಬೇಡಿ ಎಂದು ಹೇಳುವುದು ಇದಕ್ಕೇ. ನೀರಿನ ಹನಿ, ತೆರೆದ ರಂಧ್ರ, ಕೈಯ ಸ್ಪರ್ಶ ಮೂರೂ ಒಟ್ಟಿಗೆ ಸಿಕ್ಕರೆ ಅದಕ್ಕೆ ಬೇರೇನೂ ಬೇಕಿಲ್ಲ.

ಒಂದು ಎಲೆ ತಿಂದ ಪೆಟ್ಟು ಇಡೀ ಗಿಡಕ್ಕೆ ತಿಳಿಯುತ್ತದೆ ಎಂಬುದನ್ನು 1961ರಲ್ಲಿ ಫ್ರಾಂಕ್ ರಾಸ್ ಎಂಬ ವಿಜ್ಞಾನಿ ತಂಬಾಕಿನ ಗಿಡದಲ್ಲಿ ತೋರಿಸಿದರು. ಕೆಳಗಿನ ಎಲೆಗೆ ನಂಜಾಣು (ವೈರಸ್) ಸೋಕಿಸಿ ಕೆಲವು ದಿನ ಬಿಟ್ಟು ಮೇಲಿನ ಎಲೆಗೆ ಸೋಕಿಸಿದರೆ, ಮೇಲಿನ ಎಲೆ ಅದನ್ನು ತಡೆದುಕೊಂಡಿತ್ತು. 1979ರಲ್ಲಿ ರೇಮಂಡ್ ವೈಟ್ ಅದೇ ತಂಬಾಕಿಗೆ ಆಸ್ಪಿರಿನ್ ಕೊಟ್ಟು ನೋಡಿದರು, ರೋಗ ಇಳಿಯಿತು. ಆಸ್ಪಿರಿನ್ನಿನ ಮೂಲವಾದ ಸ್ಯಾಲಿಸಿಲಿಕ್ ಆಮ್ಲವೇ ಗಿಡದ ಒಳಗಿನ ಎಚ್ಚರಿಕೆಯ ಸಂಕೇತಗಳಲ್ಲಿ ಮುಖ್ಯವಾದದ್ದು ಎಂದು ಆಮೇಲೆ ಗೊತ್ತಾಯಿತು. ಇದು ಒಂದು ದಾರಿ. ಇನ್ನೊಂದು ದಾರಿ ಬೇರಿನದು. 1991ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಬೇರಿನ ಸುತ್ತ ಬದುಕುವ ಒಳ್ಳೆಯ ದುಂಡಾಣುಗಳು ಮೇಲಿನ ಎಲೆಗಳಿಗೂ ರಕ್ಷಣೆ ಕೊಡುವುದು ಕಂಡಿತು. ಅವು ರೋಗಾಣುವನ್ನು ಮುಟ್ಟಿಯೇ ಇರಲಿಲ್ಲ. ಈ ದಾರಿ ಹೆಚ್ಚಾಗಿ ಜಾಸ್ಮೊನಿಕ್ ಮತ್ತು ಎಥಿಲೀನ್ ಸಂಕೇತಗಳ ಮೇಲೆ ನಡೆಯುತ್ತದೆ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂದು ಪೊಟ್ಟಣದ ಮೇಲೆ ಓದುತ್ತೀರಲ್ಲ, ಅವು ಮಾಡುವ ಕೆಲಸದಲ್ಲಿ ಒಂದು ಇದೇ. ರೋಗ ತರುವ ಸ್ಯೂಡೊಮೊನಾಸ್ ಬೇರೆ, ರಕ್ಷಿಸುವ ಸ್ಯೂಡೊಮೊನಾಸ್ ಬೇರೆ. ಹೆಸರು ಒಂದೇ ಎಂದು ಗಾಬರಿಯಾಗಬೇಡಿ.

ಎಬ್ಬಿಸಿದ ಗಿಡ ಸದಾ ಹೋರಾಡುತ್ತಿರುತ್ತದೆ ಎಂದಲ್ಲ. ಊರಲ್ಲಿ ಕಳ್ಳತನದ ಸುದ್ದಿ ಹಬ್ಬಿದ ಮೇಲೆ ಬಾಗಿಲ ಬಳಿ ಕೋಲು ಇಟ್ಟುಕೊಂಡು ಮಲಗುತ್ತೇವಲ್ಲ, ಹಾಗೆ. ರೋಗಾಣು ಬಂದಾಗ ಬೇಗ ಏಳುತ್ತದೆ, ಅಷ್ಟೇ. ಹಾಗೆ ಸಿದ್ಧವಾಗಲು ಅದಕ್ಕೆ ಕೆಲವು ದಿನ ಬೇಕು, ಆ ಸಿದ್ಧತೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದ್ದರಿಂದ ರೋಗ ಕಂಡ ದಿನ ಹೊಡೆದರೆ ಏನೂ ಆಗುವುದಿಲ್ಲ, ಒಮ್ಮೆ ಹೊಡೆದು ಕೈ ತೊಳೆದುಕೊಂಡರೂ ಆಗುವುದಿಲ್ಲ.

ಸೊರಗು ರೋಗ ಇಷ್ಟು ಹಟಮಾರಿ ಏಕೆ ಎಂದು ಕೇಳಬಹುದು. ಆಗಲೇ ಹೇಳಿದ ಬಾಲದ ತುಣುಕು ರಾಲ್ಸ್ಟೋನಿಯಾದಲ್ಲಿ ಸ್ವಲ್ಪ ಬೇರೆಯಾಗಿದೆ, ಟೊಮ್ಯಾಟೊದ ಆ ಗ್ರಾಹಕಕ್ಕೆ ಅದು ಗುರುತು ಸಿಗುವುದಿಲ್ಲ. ಕವಲುಬೇರು ಒಡೆಯುವ ಜಾಗದಿಂದ ಅಥವಾ ಗಾಯದಿಂದ ಒಳಗೆ ನುಗ್ಗಿ, ನೀರು ಸಾಗಿಸುವ ನಾಳಗಳಲ್ಲಿ ಅಂಟು ಕಟ್ಟುತ್ತದೆ. ಗಿಡ ಬಾಯಾರಿ ಸಾಯುತ್ತದೆ, ಮಣ್ಣಿನಲ್ಲಿ ನೀರಿದ್ದರೂ. ಈ ಅಂಟು ಕಟ್ಟಿದ ಮೇಲೆ ಎಲೆಗೆ ಏನು ಹೊಡೆದರೂ ಅಲ್ಲಿಗೆ ತಲುಪುವುದಿಲ್ಲ. ಆದ್ದರಿಂದ ಎಲೆ ಚುಕ್ಕೆಗೆ ಸ್ಯಾಲಿಸಿಲಿಕ್ ದಾರಿ ಸಾಕಷ್ಟು ಕೆಲಸ ಮಾಡುತ್ತದೆ. ಸೊರಗಿಗೆ ಬೇರಿನ ದಾರಿ, ತಳಿ, ಕಸಿ, ಬೆಳೆ ಸರದಿ ಎಲ್ಲ ಸೇರಬೇಕು. ಒಂದೇ ಪೊಟ್ಟಣದಲ್ಲಿ ಎರಡೂ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಬಿಸಿಲಿನ ವಿಷಯ ಇಲ್ಲಿ ಬರಲೇಬೇಕು. ಬಳ್ಳಾರಿ, ರಾಯಚೂರಿನ ಏಪ್ರಿಲ್–ಮೇ ಅಂದರೆ 40 ಡಿಗ್ರಿ ಮೀರಿದ್ದು. ಸಾಸಿವೆ ಕುಲದ ಒಂದು ಪ್ರಯೋಗದ ಗಿಡದಲ್ಲಿ, 30 ಡಿಗ್ರಿಗೆ ಏರಿಸಿದರೆ ಸ್ಯಾಲಿಸಿಲಿಕ್ ಆಮ್ಲದ ತಯಾರಿಯೇ ಕುಗ್ಗುವುದು ಕಂಡಿದೆ. ಟೊಮ್ಯಾಟೊದಲ್ಲಿ ಗಂಟುಬೇರು ಜಂತುವಿನಿಂದ ಕಾಪಾಡುವ ‘ಮೈ’ (Mi) ಎಂಬ ಹೆಸರಿನ ಜೀನ್ 28 ಡಿಗ್ರಿಗಿಂತ ಮೇಲೆ ಕೈಕೊಡುತ್ತದೆ. ರಾಲ್ಸ್ಟೋನಿಯಾಕ್ಕೆ ಮಾತ್ರ 30–35 ಡಿಗ್ರಿ ಮಣ್ಣು ಎಂದರೆ ಸುಗ್ಗಿ. ಅಂದರೆ ಬಿಸಿ ಏರಿದಂತೆ ಗಿಡದ ಬಲ ಇಳಿಯುತ್ತದೆ, ವೈರಿಯದು ಏರುತ್ತದೆ. ಹೀಗಾಗಿ ಮಣ್ಣನ್ನು ತಂಪಾಗಿಡುವುದೂ ರೋಗನಿರೋಧದ ಕೆಲಸವೇ. ಕಪ್ಪು ಪ್ಲಾಸ್ಟಿಕ್ ಹೊದಿಕೆ ಬೇಸಿಗೆಯಲ್ಲಿ ಬುಡವನ್ನು ಇನ್ನಷ್ಟು ಕಾಯಿಸುತ್ತದೆ. ಬೆಳ್ಳಿ ಬಣ್ಣ ಮೇಲಿರುವ ಹೊದಿಕೆ ಹಾಕಿ, ಇಲ್ಲವೇ ಭತ್ತದ ಹುಲ್ಲು ಹೊದಿಸಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಲ್ಲಿ ಕೊಯ್ಲಾದ ಮೇಲೆ ಆ ಹುಲ್ಲಿಗೆ ಬೆಂಕಿ ಇಡುವುದನ್ನು ನೋಡಿದಾಗಲೆಲ್ಲ ನನಗೆ ಟೊಮ್ಯಾಟೊ ಹೊಲ ನೆನಪಾಗುತ್ತದೆ.

ಇದೇ ಬಿಸಿಲು ಪೊಟ್ಟಣದೊಳಗಿನ ದುಂಡಾಣುವನ್ನೂ ಕೊಲ್ಲುತ್ತದೆ. ಸ್ಯೂಡೊಮೊನಾಸ್ ಫ್ಲೋರೆಸೆನ್ಸ್‌ಗೆ ಬೀಜಾಣು ಕಟ್ಟಿಕೊಂಡು ಮಲಗುವ ಗುಣವಿಲ್ಲ. ತಗಡಿನ ಮಾಳಿಗೆಯ ಅಂಗಡಿಯಲ್ಲಿ ಮೇ ತಿಂಗಳು ಕಳೆದ ಪೊಟ್ಟಣದಲ್ಲಿ ಉಳಿದಿರುವುದು ಬಹುಪಾಲು ಟಾಲ್ಕ್ ಪುಡಿ. ಬ್ಯಾಸಿಲಸ್ ಬೀಜಾಣು ಕಟ್ಟುತ್ತದೆ, ಬಿಸಿ ತಡೆಯುತ್ತದೆ. ಆದ್ದರಿಂದ ನನ್ನ ಸಲಹೆ: ಬೇಸಿಗೆ ಬೆಳೆಗೆ ಬ್ಯಾಸಿಲಸ್, ಮಳೆಗಾಲ ಮತ್ತು ಹಿಂಗಾರಿಗೆ ಸ್ಯೂಡೊಮೊನಾಸ್. ಯಾವುದೇ ಆಗಲಿ, ತಯಾರಾದ ತಿಂಗಳು ನೋಡಿ, ಗ್ರಾಂಗೆ 10 ಕೋಟಿ ಜೀವಂತ ಕಣ ಎಂದು ಬರೆದಿದೆಯೇ ನೋಡಿ. ತಂದ ಮೇಲೆ ಗೊಬ್ಬರದ ಚೀಲದ ಪಕ್ಕ ಇಡದೆ, ಮನೆಯೊಳಗಿನ ತಂಪು ಜಾಗದಲ್ಲಿ ಇಡಿ.

ಇನ್ನು ನರ್ಸರಿ. ಸ್ವಂತ ಬೀಜ ಅಥವಾ ಔಷಧ ಲೇಪಿಸದ ಬೀಜ ಆದರೆ ಬಿಸಿನೀರಿನ ಉಪಚಾರ ಮಾಡಿ. ಬಟ್ಟೆ ಗಂಟಿನಲ್ಲಿ ಕಟ್ಟಿ, 38 ಡಿಗ್ರಿ ನೀರಿನಲ್ಲಿ 10 ನಿಮಿಷ, ಆಮೇಲೆ ಸರಿಯಾಗಿ 50 ಡಿಗ್ರಿಯಲ್ಲಿ 25 ನಿಮಿಷ, ಕೂಡಲೇ ತಣ್ಣೀರು, ನಂತರ ನೆರಳಿನಲ್ಲಿ ಒಣಗಿಸುವುದು. ಥರ್ಮಾಮೀಟರ್ ಇಲ್ಲದೆ ಕೈ ಹಾಕಿ ನೋಡಿ ಮಾಡುವ ಕೆಲಸ ಇದಲ್ಲ. ನಾಲ್ಕೈದು ಡಿಗ್ರಿ ಹೆಚ್ಚಾದರೆ ಮೊಳಕೆ ಸಾಯುತ್ತದೆ, ಕಡಿಮೆಯಾದರೆ ರೋಗಾಣು ಉಳಿಯುತ್ತದೆ. ಕಂಪನಿಯ ಬಣ್ಣದ ಬೀಜಕ್ಕೆ ಇದನ್ನು ಮಾಡಬೇಡಿ, ಲೇಪ ತೊಳೆದು ಹೋಗುತ್ತದೆ.

ಲೆಕ್ಕ ಹಾಕೋಣ. ಎಕರೆಗೆ ಸುಮಾರು 8,000 ಅಗಿ ಎಂದರೆ 98 ಗುಳಿಯ ಟ್ರೇ 82 ಬೇಕು. ಒಂದು ಟ್ರೇಗೆ ಹೆಚ್ಚು ಕಡಿಮೆ 1.2 ಕೆಜಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಿಡಿಯುತ್ತದೆ, ಒಟ್ಟು 100 ಕೆಜಿ. ಕೆಜಿಗೆ 10 ಗ್ರಾಂನಂತೆ ಒಂದು ಕೆಜಿ ಜೈವಿಕ ಪುಡಿ (ಆಗಲೇ ಹೇಳಿದ ಬ್ಯಾಸಿಲಸ್ ಅಥವಾ ಸ್ಯೂಡೊಮೊನಾಸ್) ಬೆರೆಸಿದರೆ ಇಡೀ ಎಕರೆಯ ಅಗಿಗೆ ಆಯಿತು. ಹೊಲಕ್ಕೆ ಹಾಕುವುದಕ್ಕಿಂತ ಎಷ್ಟೋ ಅಗ್ಗ. ಅದಕ್ಕಿಂತ ಮುಖ್ಯವಾಗಿ, ಮೊದಲ ಬೇರು ಒಡೆಯುವಾಗಲೇ ಒಳ್ಳೆಯ ದುಂಡಾಣು ಅಲ್ಲಿ ಜಾಗ ಹಿಡಿದಿರುತ್ತದೆ. ಬೆರೆಸುವ ದಿನ ಕೋಕೋಪೀಟ್ ತೇವವಿರಬೇಕು, ಹಿಂಡಿದರೆ ನೀರು ಸೋರಬಾರದು. ಅಗಿಯನ್ನು ಹೊರಗಿನ ನರ್ಸರಿಯಿಂದ ತರುವವರು ಬಿತ್ತುವ ಮೊದಲೇ ಹೋಗಿ ಪುಡಿಯನ್ನು ಕೊಟ್ಟು ಬನ್ನಿ. ನರ್ಸರಿಯವರು ಅಭ್ಯಾಸಬಲದಿಂದ ಪ್ರತಿ ವಾರ ತಾಮ್ರದ ಔಷಧ ಸುರಿಯುತ್ತಾರಾ ಎಂದೂ ಕೇಳಿ. ಸುರಿದರೆ ನಿಮ್ಮ ಪುಡಿ ವ್ಯರ್ಥ.

ಹಚ್ಚುವ ಹಿಂದಿನ ವಾರ ನೀರನ್ನು ಸ್ವಲ್ಪ ಕಡಿಮೆ ಮಾಡಿ, ನೆರಳುಪರದೆ ಸರಿಸಿ ಅಗಿಯನ್ನು ಗಟ್ಟಿ ಮಾಡುವುದು ನಿಮಗೆ ಗೊತ್ತಿರುವುದೇ. ಹಚ್ಚುವ ದಿನ ಲೀಟರಿಗೆ 10 ಗ್ರಾಂ ಪುಡಿ ಕದಡಿ ಬೇರನ್ನು 20–30 ನಿಮಿಷ ಅದ್ದಿಡಿ. ನಳದ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದು ರಾತ್ರಿ ತೆರೆದ ಡ್ರಮ್ಮಿನಲ್ಲಿಟ್ಟು ಬಳಸಿ. ಹೊಲಕ್ಕೆ ಎಕರೆಗೆ ಇನ್ನೊಂದು ಕೆಜಿ ಪುಡಿಯನ್ನು 50 ಕೆಜಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಹತ್ತು ಹದಿನೈದು ದಿನ ಇಟ್ಟು ಸಾಲಿಗೆ ಹಾಕಿ. ಕಳಿಯದ ಬಿಸಿ ಗೊಬ್ಬರದಲ್ಲಿ ಬೆರೆಸಿದರೆ ದುಂಡಾಣು ಅದರ ಕಾವಿಗೇ ಸಾಯುತ್ತದೆ.

ಹಚ್ಚಿದ ಎಂಟು ಹತ್ತು ದಿನಕ್ಕೆ, ಮತ್ತೆ ಮೂವತ್ತನೆಯ ದಿನದ ಹೊತ್ತಿಗೆ ಬುಡಕ್ಕೆ ಸುರಿಯಬೇಕು. ಗಿಡಕ್ಕೆ 50 ಮಿಲಿ ಅಂದರೂ 8,000 ಗಿಡಕ್ಕೆ 400 ಲೀಟರ್ ನೀರು, 4 ಕೆಜಿ ಪುಡಿ. ಸಂಜೆ ಹೊತ್ತು, ಮಣ್ಣು ತೇವ ಇರುವಾಗ. ಹನಿ ನೀರಾವರಿಯಲ್ಲಿ ಬಿಡುವ ಆಸೆ ಎಲ್ಲರಿಗೂ ಇದೆ. ಆದರೆ ಟಾಲ್ಕ್ ಪುಡಿ ಕರಗುವ ವಸ್ತುವಲ್ಲ, ಡ್ರಿಪ್ಪರಿನ ಬಾಯಿ ಕಟ್ಟುತ್ತದೆ. ಡ್ರಿಪ್‌ಗೆ ದ್ರವ ರೂಪದ್ದನ್ನೇ ತನ್ನಿ, ಅದಕ್ಕೂ ಮೊದಲು ಆಮ್ಲ ಅಥವಾ ಕ್ಲೋರಿನ್ ಹಾಕಿ ಪೈಪು ತೊಳೆದಿದ್ದರೆ ಬರೀ ನೀರು ಹರಿಸಿ ಬಿಡಿ.

ಹೆಚ್ಚು ಜನ ಎಡವುವುದು ಬೆರಕೆಯಲ್ಲಿ. ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧ ದುಂಡಾಣುನಾಶಕ, ಅದಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲ. ಬ್ಲೀಚಿಂಗ್ ಪುಡಿಯೂ ಅಷ್ಟೇ. ಸೊರಗು ಇದ್ದ ಹೊಲಕ್ಕೆ ಬ್ಲೀಚಿಂಗ್ ಹಾಕುವುದಾದರೆ ಹಚ್ಚುವ ಮೊದಲು ಹಾಕಿ, ಕನಿಷ್ಠ ಎರಡು ವಾರ ಬಿಟ್ಟು ಜೈವಿಕ ಕೊಡಿ. ಇವತ್ತು ಜೈವಿಕ, ನಾಳೆ ತಾಮ್ರ, ನಾಡಿದ್ದು ಮತ್ತೆ ಜೈವಿಕ ಎಂದರೆ ಎರಡಕ್ಕೂ ಕಾಸು ಕೊಟ್ಟು ಒಂದೂ ಪಡೆಯದಂತೆ.

ಸ್ಯಾಲಿಸಿಲಿಕ್ ಆಮ್ಲದ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ಅರ್ಧ ಮಿಲಿಮೋಲಾರ್ ಸಾಂದ್ರತೆ ಎಂದರೆ ಲೀಟರಿಗೆ 69 ಮಿಲಿಗ್ರಾಂ. 15 ಲೀಟರಿನ ಪಂಪಿಗೆ ಕೇವಲ ಒಂದು ಗ್ರಾಂ. ಇದು ನೇರವಾಗಿ ತಣ್ಣೀರಿಗೆ ಬೀಳಿಸಿದರೆ ಬೇಗ ಕರಗುವುದಿಲ್ಲ. ಸ್ವಲ್ಪ ಸ್ಪಿರಿಟ್ಟಿನಲ್ಲಿ ಕರಗಿಸಿ ಆಮೇಲೆ ನೀರಿಗೆ ಸುರಿಯಬೇಕು. ಕೈಯಳತೆಯಲ್ಲಿ ಒಂದು ಚಮಚ ಹಾಕಿದರೆ ಎಲೆ ಸುಡುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಹಚ್ಚುವ ನಾಲ್ಕೈದು ದಿನ ಮೊದಲು ಒಮ್ಮೆ, ಆಮೇಲೆ ಎರಡು ವಾರಕ್ಕೊಮ್ಮೆ ಹೂ ಬರುವ ತನಕ ಸಾಕು. ಮೊದಲ ಸಲ ಎರಡು ಸಾಲಿಗೆ ಮಾತ್ರ ಹೊಡೆದು ಮೂರು ದಿನ ನೋಡಿ. ಇನ್ನೊಂದು ಮಾತು: ಸ್ಯಾಲಿಸಿಲಿಕ್ ದಾರಿ ಜೋರಾದರೆ ಜಾಸ್ಮೊನಿಕ್ ದಾರಿ ಕುಗ್ಗುತ್ತದೆ, ಎಲೆ ತಿನ್ನುವ ಹುಳುಗಳನ್ನು ತಡೆಯುವುದು ಈ ಎರಡನೆಯದೇ. ಆದ್ದರಿಂದ ಕಾಯಿಕೊರಕ ಇರುವ ಹೊತ್ತಿನಲ್ಲಿ ವಾರಕ್ಕೊಮ್ಮೆ ಹೊಡೆಯುವ ಉತ್ಸಾಹ ಬೇಡ. ಮಾತ್ರೆ ಪುಡಿ ಮಾಡಿ ಹೊಡೆಯುವುದೂ ಬೇಡ, ಮಾತ್ರೆಯಲ್ಲಿ ಔಷಧಕ್ಕಿಂತ ಬೇರೆ ಪುಡಿಯೂ ಇರುತ್ತದೆ, ನಳಿಕೆ ಕಟ್ಟುತ್ತದೆ.

ಕಾರಟಗಿ, ಗಂಗಾವತಿಯ ಅಕ್ಕಿ ಗಿರಣಿಗಳ ಹಿಂದೆ ಗುಡ್ಡೆ ಬಿದ್ದಿರುವ ಹೊಟ್ಟಿನ ಬೂದಿಯಲ್ಲಿ ಸಿಲಿಕಾನ್ ಇದೆಯಲ್ಲ, ಅದನ್ನು ಹಾಕಬಹುದೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಒಳ್ಳೆಯ ಪ್ರಶ್ನೆ. ಭತ್ತ ಸಿಲಿಕಾನನ್ನು ಹೀರಿ ತುಂಬಿಕೊಳ್ಳುವ ಬೆಳೆ, ಟೊಮ್ಯಾಟೊ ಅಲ್ಲ. ಆದರೂ ಬೇರಿಗೆ ಸಿಗುವ ರೂಪದಲ್ಲಿ ಕೊಟ್ಟಾಗ ಟೊಮ್ಯಾಟೊದಲ್ಲಿ ಸೊರಗು ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಬೂದಿಯ ವಿಷಯದಲ್ಲಿ ಎರಡು ತೊಡಕು. ಬಾಯ್ಲರಿನ ಹೆಚ್ಚಿನ ಉರಿಯಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟುತ್ತದೆ, ಬೇರಿಗೆ ದಕ್ಕುವುದಿಲ್ಲ. ಮತ್ತೆ ಬೂದಿ ಕ್ಷಾರ. ರಸಸಾರ (pH) ಮೊದಲೇ 8 ದಾಟಿದ ಎರೆ ಹೊಲಕ್ಕೆ ಅದು ಬೇಡ. ಕುಡತಿನಿ, ಸಂಡೂರು ಕಡೆಯ ಕೆಂಪು ಮಸಾರಿ ನೆಲದಲ್ಲಿ ಮಣ್ಣು ಪರೀಕ್ಷೆ ನೋಡಿಕೊಂಡು ಹಾಕಬಹುದು. ಸುಣ್ಣದ ಅಂಶ ಕಡಿಮೆಯಿದ್ದ ಗಿಡ ಸೊರಗಿಗೆ ಬೇಗ ಬೀಳುತ್ತದೆ, ಆ ನೆಲದಲ್ಲಿ ಅದನ್ನೂ ನೋಡಿಕೊಳ್ಳಿ. ಯೂರಿಯಾ ಒಂದೇ ಸಲ ಸುರಿದ ಗಿಡ ಮೆತ್ತಗೆ ಬೆಳೆಯುತ್ತದೆ, ಕಂತಿನಲ್ಲಿ ಕೊಡಿ.

ಹುಟ್ಟಿನಿಂದಲೇ ಇರುವ ಪ್ರತಿರೋಧವನ್ನು ಬಿಟ್ಟು ಎಬ್ಬಿಸುವ ಮಾತಾಡಿದರೆ ಅರ್ಧ ಮಾತಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆಮುದುಡು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರಕ್ಕೂ ತಡೆಯಿರುವ ಸಂಕರಣ ತಳಿ. ಅರ್ಕಾ ಅಭೇದ್ ಆಮೇಲೆ ಬಂದದ್ದು. ತಡೆ ಇದೆ ಎಂದರೆ ರೋಗ ಬರುವುದೇ ಇಲ್ಲ ಎಂದಲ್ಲ. ರಾಲ್ಸ್ಟೋನಿಯಾದಲ್ಲಿ ಬಗೆಗಳು ಹಲವು, ಬಿಸಿ ಮಣ್ಣಿನಲ್ಲಿ ತಡೆಯೂ ಸಡಿಲವಾಗುತ್ತದೆ. ಮಾರುಕಟ್ಟೆಗೆ ಬೇರೆ ತಳಿಯೇ ಬೇಕೆನ್ನುವವರಿಗೆ ಕಸಿ ಇದೆ: ಸೊರಗು ತಡೆಯುವ ಬದನೆ ಅಥವಾ ಸುಂಡೆ ಬೇರಿನ ಮೇಲೆ ನಿಮಗೆ ಬೇಕಾದ ಟೊಮ್ಯಾಟೊ ಕುಡಿ. ಬದನೆ ನಿಧಾನ, ಕೆಲವು ದಿನ ಮೊದಲೇ ಬಿತ್ತಬೇಕು. ಸುಂಡೆ ಮೊಳೆಯಲು ವಾರಗಳೇ ಬೇಕು. ಕಸಿಯಾದ ಅಗಿಯನ್ನು ತೇವ ತುಂಬಿದ ನೆರಳಿನ ಗೂಡಿನಲ್ಲಿ ಹತ್ತು ಹದಿನಾಲ್ಕು ದಿನ ಕೂಡಿಸಬೇಕು. ನಮ್ಮ ಒಣ ಗಾಳಿಯಲ್ಲಿ ಹೆಚ್ಚಿನವು ಸಾಯುವುದು ಇಲ್ಲೇ. ಹೊಲದಲ್ಲಿ ಕೆಡುವುದು ಮಣ್ಣೇರಿಸುವಾಗ. ಕಸಿಯ ಗಂಟು ಮಣ್ಣಿಗೆ ಮುಟ್ಟಿದರೆ ಮೇಲಿನ ಟೊಮ್ಯಾಟೊ ಸ್ವಂತ ಬೇರು ಬಿಡುತ್ತದೆ, ಆ ಬೇರಿನಿಂದ ರೋಗ ಒಳಗೆ ಬರುತ್ತದೆ.

ಕಾಲುವೆ ನೀರಿನವರಿಗೆ ಒಂದು ಅನುಕೂಲವಿದೆ, ಬಳಸಿಕೊಳ್ಳುವವರು ಕಡಿಮೆ. ನೀರು ನಿಲ್ಲಿಸಿ ಭತ್ತ ಬೆಳೆದ ಗದ್ದೆಯಲ್ಲಿ ರಾಲ್ಸ್ಟೋನಿಯಾ ಬಹಳ ಇಳಿಯುತ್ತದೆ. ಸೊರಗು ಬಿದ್ದ ಹೊಲದಲ್ಲಿ ಮೆಣಸಿನಕಾಯಿ, ಬದನೆ ಹಾಕದೆ ಭತ್ತ, ಇಲ್ಲವೇ ಜೋಳ ಹಾಕಿ. ಬದುವಿನ ಗಣಿಕೆ ಗಿಡ ಕೀಳಿ, ಅದರಲ್ಲೂ ಈ ದುಂಡಾಣು ಉಳಿಯುತ್ತದೆ. ಬಾಡಿದ ಗಿಡವನ್ನು ಬುಡದ ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಹೊರಗೆ ಒಯ್ಯಿರಿ. ಕಾಲುವೆಗೆ ಎಸೆದರೆ ಕೆಳಗಿನವರ ಹೊಲಕ್ಕೆ ಕಳಿಸಿಕೊಟ್ಟಂತೆ.

“ಸ್ಟ್ರೆಪ್ಟೊಸೈಕ್ಲಿನ್ ಹೊಡದ್ರ ಆಗಂಗಿಲ್ಲೇನ್ರಿ?” ಎಂಬ ಪ್ರಶ್ನೆಗೆ ಉತ್ತರ: ಸೊರಗಿಗೆ ಆಗುವುದಿಲ್ಲ, ನಾಳದೊಳಗಿನ ಅಂಟಿಗೆ ಅದು ತಲುಪುವುದಿಲ್ಲ. ಎಲೆ ಚುಕ್ಕೆಯಲ್ಲಿ ಮೊದಲು ಕೆಲಸ ಮಾಡಿದಂತೆ ಕಂಡರೂ, ತಡೆದುಕೊಳ್ಳುವ ದುಂಡಾಣು ಬೇಗ ಹುಟ್ಟುತ್ತದೆ, ನೀವು ಹಾಕಿದ ಜೈವಿಕವೂ ಸಾಯುತ್ತದೆ. ಇದು ಮನುಷ್ಯರ ಔಷಧದ ಜಾತಿಯದ್ದು. ಬೆಳೆಗಳಲ್ಲಿ ಇದರ ಬಳಕೆ ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರಿನಲ್ಲೇ ಕರಡು ಆದೇಶ ಹೊರಡಿಸಿತ್ತು.

ನಾನು ಹೇಳಿದ್ದನ್ನು ಹಾಗೆಯೇ ನಂಬದೆ, ಹೊಲದಲ್ಲಿ ನಾಲ್ಕು ಸಾಲು ಏನೂ ಕೊಡದೆ ಬಿಡಿ. ಆ ಸಾಲುಗಳು ಒಂದೇ ಮೂಲೆಯಲ್ಲಿ ಬೇಡ, ನೀರು ಬರುವ ಕಡೆ ಎರಡು, ನೀರು ಹೋಗುವ ಕಡೆ ಎರಡು ಇರಲಿ. ಸೊರಗು ನೀರಿನ ಜೊತೆ ಸಾಗುವುದರಿಂದ ಇಳಿಜಾರಿನಲ್ಲಿ ಯಾವಾಗಲೂ ಹೆಚ್ಚು ಕಾಣುತ್ತದೆ, ಒಂದೇ ಕಡೆ ಬಿಟ್ಟರೆ ಹೋಲಿಕೆ ತಪ್ಪಾಗುತ್ತದೆ. 30ನೆಯ, 45ನೆಯ ಮತ್ತು 60ನೆಯ ದಿನ ಸಾಲಿಗೆ ಎಷ್ಟು ಗಿಡ ಬಾಡಿವೆ ಎಂದು ಎಣಿಸಿ ಬರೆದಿಡಿ, ಪ್ರತಿ ಸಲ ಒಂದೆರಡು ಗಿಡಕ್ಕಾದರೂ ಲೋಟದ ಪರೀಕ್ಷೆ ಮಾಡಿ.